ಐದನೆಯ ಇಲಿ

ಇಲಿಯನ್ನು ಕುರಿತು ಬರೆಯಲು ಕುಳಿತಿದ್ದೇನೆಂದರೆ ನಮ್ಮ ಕಲ್ಮಲದ ರೈತಬಾಂಧವರು ನಗದೆ ಇರಲಾರರು. ಎರೆಹೊಲದಲ್ಲಿ ಜೋಳದ ತೆನೆ ಕಡಿದು ಬಿಲಕ್ಕೆ ಒಯ್ಯುವ ಪ್ರಾಣಿ. ಅಟ್ಟದ ಮೇಲಿನ ಚೀಲವನ್ನು ತೂತು ಮಾಡುವ ಪ್ರಾಣಿ. ಗಣಪತಿಯ ವಾಹನವೆಂಬ ಒಂದೇ ಕಾರಣದಿಂದ ವರುಷಕ್ಕೊಮ್ಮೆ ನಮಸ್ಕಾರವನ್ನು ಪಡೆದು, ಉಳಿದ ದಿನಗಳಲ್ಲಿ ಬೋನಿಗೆ ಬೀಳುವ ಪ್ರಾಣಿ. ಅಂಥದನ್ನು ರೊಕ್ಕ ಕೊಟ್ಟು ಮನೆಗೆ ತಂದು, ಅದರ ಯೋಗಕ್ಷೇಮಕ್ಕಾಗಿ ನಿದ್ದೆಗೆಟ್ಟವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ನಾನು ಮೂವತ್ತೆರಡು ವರುಷ ಶಾಲೆಯಲ್ಲಿ ಪಾಠ ಹೇಳಿದವನು. ಹೊಸದಾಗಿ ಸೇರಿದ ಹುಡುಗನನ್ನು ತರಗತಿಯೊಳಕ್ಕೆ ಕಳುಹಿಸಿ, "ಹೋಗು, ಕೂತುಕೋ" ಎಂದುಬಿಟ್ಟರೆ ಮಿಕ್ಕುದು ತಾನಾಗಿಯೇ ಆಗುವುದೆಂದು ಅಷ್ಟು ವರುಷವೂ ನಂಬಿದ್ದೆನು. ಆ ನಂಬಿಕೆಯ ದೆಸೆಯಿಂದ ಒಂದು ಸಣ್ಣ ಜೀವ ಹೋಯಿತು. ಅದನ್ನೇ ಇಲ್ಲಿ ಹೇಳಬೇಕಾಗಿದೆ.

ಇಲಿಗಳು ಬಂದುದು ನನ್ನ ಮೊಮ್ಮಗಳ ಜೊತೆಯಲ್ಲಿ. ಮಗಳು ತೀರಿಕೊಂಡ ತರುವಾಯ ಅಳಿಯನು ಹೈದರಾಬಾದಿನಲ್ಲಿ ಒಬ್ಬನೇ ಮಗುವನ್ನು ನೋಡಿಕೊಳ್ಳಲಾರದೆ, ಒಂಬತ್ತು ವರುಷದ ಹುಡುಗಿಯನ್ನು ನಮ್ಮಲ್ಲಿಗೆ ಕರೆತಂದನು. ರಾಯಚೂರಿನಿಂದ ಬಂದ ದಾರಿ ನಮ್ಮೂರಿನಲ್ಲಿ ಒಡೆದು, ಒಂದು ಲಿಂಗಸುಗೂರಿನ ಕಡೆಗೂ ಇನ್ನೊಂದು ಸಿಂಧನೂರಿನ ಕಡೆಗೂ ಹೋಗುವುದಷ್ಟೆ. ಆ ಕೂಡುರಸ್ತೆಯಲ್ಲಿ ಅವಳು ಬಸ್ಸಿನಿಂದ ಇಳಿದಾಗ ಬಟ್ಟೆಯ ಚೀಲವನ್ನು ತಂದೆ ಹಿಡಿದಿದ್ದನು. ಅವಳು ಎರಡು ಕೈಯಿಂದಲೂ ಒಂದು ತಂತಿಯ ಪಂಜರವನ್ನು ಎದೆಗೆ ಅವಚಿಕೊಂಡಿದ್ದಳು. ಒಳಗೆ ಮೂರು ಬಿಳಿಯ ಹೆಣ್ಣಿಲಿಗಳು. ಕೆಂಪು ಕಣ್ಣು, ಹೂವಿನೆಸಳಿನಂಥ ಕಿವಿ, ಗುಲಾಬಿ ಬಣ್ಣದ ಬಾಲ. ನನ್ನ ಮನೆಯವಳು ಬಾಗಿಲಲ್ಲಿಯೇ ಹೌಹಾರಿ ನಿಂತಳು. ಆದರೆ ತಾಯಿಯಿಲ್ಲದ ಕೂಸಿನ ಕೈಯಿಂದ ಪಂಜರವನ್ನು ಯಾರು ಕಸಿದುಕೊಂಡಾರು?

ಇಲಿ ಸಾಕುವುದೆಂದರೆ ಬರಿಯ ಹುಚ್ಚೆಂದು ವಾಚಕರು ತಿಳಿಯಬೇಕಾದುದಿಲ್ಲ. ಜಪಾನಿನ ಜನರು ಬಣ್ಣಬಣ್ಣದ ಇಲಿಗಳನ್ನು ಸಾಕುವ ಬಗೆಯನ್ನು ಕುರಿತು 1787ರಲ್ಲಿಯೇ ಪುಸ್ತಕವನ್ನು ಅಚ್ಚುಹಾಕಿದ್ದರು. ಇಂಗ್ಲೆಂಡಿನಲ್ಲಿ 1895ರಲ್ಲಿ ಇದಕ್ಕೆಂದೇ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ಅಮೆರಿಕೆಯ ಗ್ರ್ಯಾನ್ಬಿ ಎಂಬ ಊರಿನಲ್ಲಿ ಅಬ್ಬಿ ಲೇಥ್ರೋಪ್ ಎಂಬಾಕೆ, ನನ್ನಂತೆಯೇ ಪಾಠ ಹೇಳುವುದನ್ನು ಬಿಟ್ಟ ಶಿಕ್ಷಕಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಕ್ಕಳ ಆಟಕ್ಕೆಂದು ಇಲಿಗಳನ್ನು ಸಾಕಿ ಮಾರುತ್ತಿದ್ದಳು. ಅವಳ ಇಲಿಗಳ ಸಂತತಿ ಇಂದಿಗೂ ಲೋಕದ ಪ್ರಯೋಗಶಾಲೆಗಳಲ್ಲಿ ಬಾಳುತ್ತಿದೆ. ಇಷ್ಟೇಕೆ, ಕನ್ನಡ ನಾಡಿನ ಶಾಸನಗಳ ನಕಲುಗಳನ್ನು ಸಂಗ್ರಹಿಸಿ ನಮ್ಮನ್ನು ಋಣದಲ್ಲಿರಿಸಿದ ವಾಲ್ಟರ್ ಎಲಿಯಟ್ ಸಾಹೇಬನು, ಧಾರವಾಡದ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದಾಗ, ಹೊಲದ ಇಲಿಗಳಿಗೆ ನಮ್ಮ ಜನರಿಟ್ಟ ಹೆಸರುಗಳನ್ನೂ ಅಕ್ಕರೆಯಿಂದ ಬರೆದಿಟ್ಟನು. ಶಾಸನವನ್ನೋದುವ ಕಣ್ಣಿಗೆ ಇಲಿ ಅಲ್ಪವೆಂದು ತೋರಲಿಲ್ಲ.

ಹುಡುಗಿ ಬಂದು ಮೂರು ತಿಂಗಳಾಗಿದ್ದಿತು. ನಮ್ಮ ಮನೆಯಲ್ಲಿ ಮಗನ ಇಬ್ಬರು ಗಂಡುಮಕ್ಕಳಿದ್ದಾರೆ. ಅವರು ಕೆಟ್ಟವರಲ್ಲ, ಆದರೆ ಅವರ ಆಟ ಅವರದು, ಅವರ ಜಗಳ ಅವರದು. ಈಕೆ ಕರೆದರೆ ಬರುವಳು, ಬಡಿಸಿದರೆ ಉಣ್ಣುವಳು, ಕೇಳಿದರೆ ಉತ್ತರ ಕೊಡುವಳು. ನಗುವುದು ಪಂಜರದ ಮುಂದೆ ಮಾತ್ರ. ಆ ನಗೆಯನ್ನು ಇನ್ನಷ್ಟು ಕಾಣಬೇಕೆಂಬ ಆಸೆಯಿಂದ ನಾನು ಪಿಂಚಣಿಯ ಕೆಲಸಕ್ಕೆಂದು ರಾಯಚೂರಿಗೆ ಹೋದಾಗ ಹಕ್ಕಿ ಮೀನು ಮಾರುವ ಅಂಗಡಿಯೊಂದರಿಂದ ಅದೇ ಬಿಳಿಯ ಜಾತಿಯ ಎಳೆಯ ಹೆಣ್ಣಿಲಿಯೊಂದನ್ನು ತಂದೆನು. ಸಂಜೆ ದೀಪ ಹಚ್ಚುವ ಹೊತ್ತು. ಎಲ್ಲರನ್ನೂ ಕರೆದು ನಿಲ್ಲಿಸಿ, ಪಂಜರದ ಬಾಗಿಲನ್ನು ತೆರೆದು, ಹೊಸಬಳನ್ನು ಒಳಕ್ಕೆ ಬಿಟ್ಟೆನು.

ಮೂರೂ ಇಲಿಗಳು ಒಮ್ಮೆಲೆ ಮೂಗೆತ್ತಿದವು. ಬಳಿಕ ಬೆನ್ನಟ್ಟಿದವು. "ಹೊಸ ಸೊಸೆಯನ್ನು ನಾಲ್ಕು ದಿನ ಅಟ್ಟಾಡಿಸುವುದು ಎಲ್ಲ ಮನೆಗಳ ವಾಡಿಕೆ" ಎಂದು ನಾನು ವಿನೋದವಾಡಿದೆನು. ಮಗನು ನಕ್ಕನು, ಸೊಸೆ ನಗಲಿಲ್ಲ. ರಾತ್ರಿ ಮೂರು ನಾಲ್ಕು ಸಲ ಕೀಚಲು ದನಿ ಕೇಳಿ ಎಚ್ಚರವಾಯಿತು. ಮಗ್ಗುಲು ಬದಲಿಸಿದೆನು. ಬೆಳಗ್ಗೆ ನೋಡಿದರೆ ಹೊಸ ಇಲಿ ನೀರಿನ ಬಟ್ಟಲಿನ ಹಿಂದೆ ಮುದುರಿ ಕುಳಿತಿದ್ದಿತು. ಬೆನ್ನಿನ ಮೇಲೂ ಬಾಲದ ಬುಡದಲ್ಲಿಯೂ ರಕ್ತ ಕರೆಗಟ್ಟಿದ್ದಿತು. ಬೇರೆಯಿರಿಸಿ ಅರಿಸಿನ ಹಚ್ಚಿದೆವು. ಮೂರನೆಯ ದಿನ ಅದು ಸತ್ತಿತು. ಹಿತ್ತಲಿನ ಬೇವಿನ ಬುಡದಲ್ಲಿ ಹುಡುಗಿಯೇ ಗುಂಡಿ ತೋಡಿದಳು, ಅಳಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಅವಳು ತಾನಾಗಿ ನನ್ನ ಬಳಿಗೆ ಬಂದು ಹೇಳಿದಳು: "ತಾತಾ, ಆವತ್ತು ರಾತ್ರಿ ಅದು ಚೀರಾಕತ್ತಿತ್ತು. ನಾನು ಎದ್ದು ಕೂತಿದ್ದೆ."

"ಹಂಗಾದರೆ ಎಬ್ಬಿಸಬಾರದೇನವ್ವಾ?" ಎಂದೆನು.

"ಈ ಮನ್ಯಾಗ ರಾತ್ರಿ ಯಾರ್ನ ಎಬ್ಬಿಸಬೇಕಂತ ನನಗ ಗೊತ್ತಿಲ್ಲಲ್ಲ" ಎಂದಳು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನೂ ಆ ದನಿಯನ್ನು ಕೇಳಿದ್ದೆನೆಂಬುದನ್ನು ಅವಳಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ. ಅಂದಿನಿಂದ ನನ್ನ ಹಾಸಿಗೆಯನ್ನು ಪಡಸಾಲೆಯಿಂದ ನಡುಮನೆಗೆ, ಮಕ್ಕಳು ಮಲಗುವೆಡೆಗೆ ತಂದೆನು. ಕಾರಣವನ್ನು ಯಾರೂ ಕೇಳಲಿಲ್ಲ.

ದೀಪಾವಳಿಗೆ ಬಂದ ಅಳಿಯನು, ನಡೆದುದೊಂದನ್ನೂ ಅರಿಯದೆ, ಮಗಳಿಗೆ ಉಡುಗೊರೆಯೆಂದು ರಟ್ಟಿನ ಪೆಟ್ಟಿಗೆಯಲ್ಲಿ ಮತ್ತೊಂದು ಇಲಿಯನ್ನು ತಂದನು. ಹುಡುಗಿ ಪೆಟ್ಟಿಗೆಯನ್ನು ತೆರೆದು ನೋಡಿ, ಮುಚ್ಚಿ, ನನ್ನ ಕೈಗೆ ಕೊಡದೆ ಗೂಡಿನ ಮೇಲಿಟ್ಟಳು. "ಈ ಸಲ ಗೊತ್ತಿದ್ದವರ್ನ ಕೇಳಿ ಬಿಡೋಣು" ಎಂದಳು. ಗೊತ್ತಿದ್ದವರೆಂದರೆ ಯಾರು? ಕಲ್ಮಲದಲ್ಲಿ ಇಲಿಯ ಪಂಡಿತರಿಲ್ಲ. ಆದರೆ ನಮ್ಮ ಹೊಲದಲ್ಲಿ ಕುರಿ ತರುಬಲು ಬರುವ ಮುದುಕನೊಬ್ಬನಿದ್ದಾನೆ. ಅವನು ಕಟ್ಟೆಯ ಮೇಲೆ ಕುಳಿತು ಚಹ ಕುಡಿಯುತ್ತಿದ್ದಾಗ ಈ ಸಂಗತಿಯನ್ನು ಕೇಳಿ ನಗಲಿಲ್ಲ. ಅದು ಅವನ ದೊಡ್ಡತನ.

"ಮಾಸ್ತರ್ರ, ವಾಸನಿ ಕೂಡಬೇಕ್ರಿ" ಎಂದನು. "ತಾಯಿ ಸತ್ತ ಮರಿನ ಬ್ಯಾರೆ ಕುರಿಗಿ ಬಿಟ್ರ ಒದೀತದ. ಅದರ ಸತ್ತ ಮರಿ ತೊಗಲು ಸುಲದು ಇದಕ ಹೊಚ್ಚಿದ್ರ, ಮೂಸಿ ನೋಡಿ ಮಲಿ ಕೊಡ್ತದ. ಕಣ್ಣಿಗಿ ಗೊತ್ತಿದ್ರೂ ಮೂಗಿಗಿ ಗೊತ್ತಾಗಬೇಕ್ರಿ."

ಕುರಿಯ ಕಣ್ಣೇನೂ ಮಂದವಲ್ಲ. ಅದು ಐವತ್ತು ಕುರಿಗಳ ಮುಖಗಳನ್ನು ಎರಡು ವರುಷ ನೆನಪಿನಲ್ಲಿಡಬಲ್ಲುದೆಂದು ಇಂಗ್ಲೆಂಡಿನ ವಿಜ್ಞಾನಿಗಳು 2001ರಲ್ಲಿ ತೋರಿಸಿದ್ದಾರೆ. ಆದರೂ ಮರಿಯ ವಿಷಯದಲ್ಲಿ ಮುದುಕನ ಮಾತೇ ನಿಜ. ಇಲಿಯ ವಿಷಯದಲ್ಲಂತೂ ಅದು ಇಮ್ಮಡಿ ನಿಜವೆಂದು ಆಮೇಲೆ ಓದಿ ತಿಳಿದೆನು. ಇಲಿಯು ತನ್ನ ಮೂತ್ರದ ಕಣಗಳಿಂದ ನೆಲದ ಮೇಲೆಲ್ಲ ತನ್ನ ಹೆಸರನ್ನು ಬರೆಯುತ್ತ ತಿರುಗುವುದು. ಮಿಕ್ಕ ಇಲಿಗಳು ಅದನ್ನು ಮೂಗಿನಿಂದ ಓದುವುವು. ಗರ್ಭ ಈಗತಾನೆ ನಿಂತ ಹೆಣ್ಣಿಲಿಗೆ ಅಪರಿಚಿತ ಗಂಡಿನ ವಾಸನೆಯೊಂದೇ ತಗುಲಿದರೂ ಆ ಗರ್ಭವು ಉಳಿಯದೆ ಹೋಗಬಹುದೆಂಬುದನ್ನು ಹಿಲ್ಡಾ ಬ್ರೂಸ್ ಎಂಬ ವಿದುಷಿ 1959ರಲ್ಲಿ ಕಂಡುಹಿಡಿದಳು. ಹೆಣ್ಣನ್ನು ಸೆಳೆಯುವ ಗಂಡಿಲಿಯ ಮೂತ್ರದ ಒಂದು ಸಸಾರಜನಕಕ್ಕೆ 2010ರಲ್ಲಿ ಲಿವರ್‌ಪೂಲಿನ ವಿದ್ವಾಂಸರು ಜೇನ್ ಆಸ್ಟೆನ್ನಳ ಕಥಾನಾಯಕ ಡಾರ್ಸಿಯ ನೆನಪಿಗಾಗಿ 'ಡಾರ್ಸಿನ್' ಎಂದು ಹೆಸರಿಟ್ಟರಂತೆ. ಕಾದಂಬರಿಯ ನಾಯಕನಿಗೆ ಇಂಥ ಸ್ಮಾರಕ ಬೇರೆಲ್ಲಿಯೂ ದೊರೆತಿರಲಾರದು. ಇರಲಿ. ನಾನು ನಾಲ್ಕನೆಯ ಇಲಿಯನ್ನು ಬಿಟ್ಟುದು ಬರಿಯ ಪಂಜರದೊಳಕ್ಕಲ್ಲ, ಅಂಗುಲ ಅಂಗುಲವೂ ಬೇರೆಯವರ ಹೆಸರು ಬರೆದಿದ್ದ ಮನೆಯೊಳಕ್ಕೆ.

ಐದನೆಯದನ್ನು ಹದಿನೈದು ದಿನ ಅಡಿಗೆಮನೆಯಾಚೆಯ ಕೋಣೆಯಲ್ಲಿ ಬೇರೆಯೇ ಇರಿಸಿದೆವು. ಹೊಸ ಇಲಿ ನೆಗಡಿಯನ್ನೋ ಹೇನನ್ನೋ ತಂದಿದ್ದರೆ ಅಷ್ಟರಲ್ಲಿ ತೋರಿಬಿಡುವುದು. ಅದು ಹೆಣ್ಣೆಂಬುದನ್ನೂ ಎರಡೆರಡು ಬಾರಿ ನೋಡಿಕೊಂಡೆವು. ಬೆಳೆದ ಗಂಡುಗಳು ಕೂಡಿ ಬಾಳುವುದು ಅಪರೂಪ. ಹೆಣ್ಣಿನ ಗುಂಪಿನಲ್ಲಿ ಗಂಡೊಂದು ಸೇರಿದರೆ ಇಪ್ಪತ್ತು ದಿನಗಳಲ್ಲಿ ಮನೆ ತುಂಬ ಮರಿಗಳು. ಆಮೇಲೆ ದಿನಕ್ಕೊಂದು ಹಿಡಿ ಹಾಸಿನ ಕಾಗದದ ಚೂರನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಬದಲಿಸುವ ಕೆಲಸ. ಮೊದಲ ದಿನ ಹಳಬರು ಆ ಚೂರುಗಳನ್ನು ಮೂಲೆಗೆ ತಳ್ಳಿದರು; ಐದನೆಯ ದಿನ ಅದರಿಂದಲೇ ಗೂಡು ಕಟ್ಟಿದರು. ಅತ್ತರಿನಂಥ ಪರಿಮಳವನ್ನು ಎಲ್ಲವಕ್ಕೂ ಬಳಿದುಬಿಡುವವರೂ ಉಂಟಂತೆ. ನನಗದು ಒಪ್ಪಿಗೆಯಾಗಲಿಲ್ಲ. ಗಂಟೆಯೊಂದರ ಮಟ್ಟಿಗೆ ಮೂಗನ್ನು ಮೋಸಪಡಿಸಿದರೆ ಎರಡನೆಯ ಗಂಟೆಗೆ ಏನು ಮಾಡುವುದು?

ಭೇಟಿಯ ಸ್ಥಳವಾದರೂ ಯಾರಿಗೂ ಸೇರದ ಸ್ಥಳವಾಗಿರಬೇಕಷ್ಟೆ. ಹಿತ್ತಲಲ್ಲಿ ದನಗಳು ನೀರು ಕುಡಿಯುತ್ತಿದ್ದ ಹಳೆಯ ಕಲ್ಲಿನ ದೋಣಿಯೊಂದು ಒಣಗಿ ಬಿದ್ದಿದ್ದಿತು. ಅದನ್ನು ತೊಳೆದು, ನವಣೆಯನ್ನು ಚೆಲ್ಲಿ, ಮೊದಲು ಮೂರರಲ್ಲಿ ಸಾಧುವಾದುದನ್ನು ಮಾತ್ರ ಹೊಸದರ ಜೊತೆಗೆ ಬಿಟ್ಟೆವು. ಹತ್ತು ನಿಮಿಷ ಮೂಸಾಟ, ಬಳಿಕ ಕಾಳು ತಿನ್ನುವುದರಲ್ಲಿ ಇಬ್ಬರೂ ಮಗ್ನರು. ಮರುದಿನ ಎರಡನೆಯದು. ಮೂರನೆಯದು ಆ ಮನೆಯ ಯಜಮಾನಿ. ಅದು ಬಂದೊಡನೆ ಬಾಲವನ್ನು ಕಲ್ಲಿಗೆ ಪಟಪಟನೆ ಬಡಿಯತೊಡಗಿತು. ಅದು ಜಗಳದ ಮುನ್ಸೂಚನೆ. ಹುಡುಗಿ ಕೈಗೆ ಟವೆಲ್ಲು ಸುತ್ತಿಕೊಂಡು ಸಿದ್ಧಳಾಗಿ ನಿಂತಳು. ಯಜಮಾನಿ ಹೊಸದರ ಮೇಲೇರಿತು, ಕೆಡಹಿತು, ಕುತ್ತಿಗೆಯ ಕೂದಲನ್ನು ಒರಟಾಗಿ ನೆಕ್ಕಿತು. ಇಷ್ಟು ದರ್ಪವನ್ನು ತಡೆಯಬಾರದು, ಅದು ಪದವಿಯ ತೀರ್ಮಾನ. ರಕ್ತ ಕಂಡರೆ, ಎರಡೂ ಉಂಡೆಗಟ್ಟಿ ಉರುಳಿದರೆ ಮಾತ್ರ ಬಿಡಿಸಬೇಕು. ಹೊಸದು ಅಡಿಮೇಲಾಗಿ ಬಿದ್ದು ಸುಮ್ಮನಾಯಿತು. ಯಜಮಾನಿಗೆ ತೃಪ್ತಿಯಾಯಿತೆಂದು ತೋರುತ್ತದೆ. ಐದಾರು ದಿನ ಇದೇ ನಡೆಯಿತು.

ಪಂಜರವನ್ನು ಬಿಸಿನೀರಿನಿಂದ ತೊಳೆದು, ಹಳೆಯ ಬರವಣಿಗೆಯನ್ನೆಲ್ಲ ಅಳಿಸಿ, ಒಳಗಿನ ಸಾಮಾನುಗಳ ಸ್ಥಳವನ್ನು ಬದಲಿಸಿದೆವು. ಮಲಗುವ ತೆಂಗಿನ ಚಿಪ್ಪಿಗೆ ಒಂದೇ ಬಾಯಿ. ಒಳಗೆ ಸಿಕ್ಕಿಬಿದ್ದವಳಿಗೆ ಓಡಲು ದಾರಿಯಿಲ್ಲ. ಹಿರಿಯ ಮೊಮ್ಮಗನು ಯಾರೂ ಹೇಳದೆ ಮೊಳೆ ಕಾಯಿಸಿ, ಇಡೀ ಮಧ್ಯಾಹ್ನ ಕುಳಿತು, ಎರಡನೆಯ ಬಾಯಿ ಕೊರೆದನು. ಬೆರಳೂ ಸುಟ್ಟುಕೊಂಡನು. ಹೊಸದನ್ನು ಗುರುತಿಸಲೆಂದು ಹುಡುಗಿ ಅದರ ಬಾಲದ ಬುಡಕ್ಕೆ ಅರಿಸಿನದ ಬೊಟ್ಟಿಟ್ಟಳು. ಸಂಜೆಗಲ್ಲ, ಬೆಳಗ್ಗೆ ಬಿಟ್ಟೆವು.

ಆ ರಾತ್ರಿ ಒಂದು ಹೊತ್ತಿನಲ್ಲಿ ಯಾರೋ ನನ್ನ ಭುಜವನ್ನು ಅಲುಗಿಸಿದರು. "ಏಳ್ರಿ ತಾತಾ, ಚೀರಾಕತ್ತ್ಯಾವ."

ಎದ್ದೆನು. ಅವಳ ಹಿಂದೆ ಕಣ್ಣುಜ್ಜಿಕೊಳ್ಳುತ್ತ ಹಿರಿಯ ಹುಡುಗನೂ ನಿಂತಿದ್ದನು. ಅವನನ್ನು ನನಗಿಂತ ಮೊದಲೇ ಎಬ್ಬಿಸಿದ್ದಳು. ಬ್ಯಾಟರಿಯ ಬೆಳಕಿಗೆ ಕೆಂಪು ಕಾಗದ ಸುತ್ತಿ ನೋಡಿದೆವು. ಯಜಮಾನಿ ಯಾರದೋ ಬಾಲವನ್ನು ತುಳಿದಿದ್ದಳು, ಅಷ್ಟೆ. ರಕ್ತವಿರಲಿಲ್ಲ. ಆದರೂ ಮೂವರೂ ಚಾಪೆಯ ಮೇಲೆ ಬೆಳಗಿನ ಜಾವದವರೆಗೆ ಕುಳಿತೆವು. ಹುಡುಗನು ಕುಳಿತಲ್ಲಿಯೇ ನಿದ್ದೆಹೋದನು.

ಬೆಳಕು ಹರಿದಾಗ ಎರಡು ಬಾಯಿಯ ಚಿಪ್ಪಿನೊಳಗೆ ಒಂದು ಬಿಳಿಯ ಗುಡ್ಡೆ ಉಸಿರಾಡುತ್ತಿದ್ದಿತು. ಅರಿಸಿನದ ಬೊಟ್ಟನ್ನು ಹಳಬರು ರಾತ್ರಿಯೆಲ್ಲ ನೆಕ್ಕಿ ತೆಗೆದುಬಿಟ್ಟಿದ್ದರು. ಹುಡುಗಿ ಬಹಳ ಹೊತ್ತು ಬಗ್ಗಿ ನೋಡಿ, "ಇದರಾಗ ಹೊಸಾದು ಯಾವ್ದು ತಾತಾ?" ಎಂದು ಕೇಳಿದಳು. ನಾನು ಕನ್ನಡಕವನ್ನು ಹಾಕಿಕೊಂಡು ನೋಡಿದೆನು. ಗೊತ್ತಾಗಲಿಲ್ಲ. ಕೊನೆಗೆ ಬಾಲಗಳನ್ನು ಎಣಿಸಿ, ನಾಲ್ಕಿವೆಯೆಂದು ಹೇಳಿದೆನು.