ಹೊಲಿಗೆ ನಿಲ್ಲಿಸಿದ ಮೇಲೂ ರಿಟರ್ನ್ ಬೇಕೇ?



ನಮ್ಮಲ್ಲಿ ಮನೆಯಲ್ಲೇ ಕುಳಿತು ದುಡಿದವರು ಎಷ್ಟೋ ಮಂದಿ. ಬುರ್ಖಾ ಹೊಲಿದವರಿದ್ದಾರೆ, ಮಕ್ಕಳಿಗೆ ಟ್ಯೂಷನ್ ಹೇಳಿದವರಿದ್ದಾರೆ, ಹಪ್ಪಳ-ಉಪ್ಪಿನಕಾಯಿ ಮಾರಿದವರಿದ್ದಾರೆ, ಮದುವೆ ಮನೆಗಳಲ್ಲಿ ಮೆಹಂದಿ ಹಚ್ಚಿದವರಿದ್ದಾರೆ. ಒಂದು ದಿನ ಆ ಕೆಲಸ ನಿಲ್ಲುತ್ತದೆ. ಬಾಣಂತನ, ಬೆನ್ನುನೋವು, ಊರು ಬದಲಾವಣೆ, ಇಲ್ಲವೇ ಎಲ್ಲೋ ಸಂಬಳದ ಕೆಲಸ ಸಿಕ್ಕಿದ್ದು, ಹೀಗೆ ಕಾರಣಗಳು ಹಲವು. ಕೆಲಸ ನಿಂತ ಮೇಲೂ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕೇ? ಈ ಪ್ರಶ್ನೆಯನ್ನು ನಾನೂ ಎದುರಿಸಿದ್ದೇನೆ. ಆದ್ದರಿಂದ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನಾನು ಮದ್ರಸಾದಲ್ಲಿ ಕಲಿತವಳು, ಅನಂತರ ಬಿ.ಎ. ಮುಗಿಸಿದವಳು. ಹನ್ನೊಂದು ವರ್ಷ ಮನೆಯಲ್ಲಿ ಎರಡು ಯಂತ್ರ ಇಟ್ಟುಕೊಂಡು ಹೊಲಿಗೆ ನಡೆಸಿದೆ. 2024ರ ಅಕ್ಟೋಬರ್‌ನಲ್ಲಿ ಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು, ಹೊಲಿಗೆ ನಿಲ್ಲಿಸಿದೆ. ರಿಟರ್ನ್ ಸಲ್ಲಿಸುವ ಸಮಯ ಬಂದಾಗ ತಮ್ಮ ಹೇಳಿದ: "ಆಪಾ, ಹೊಲಿಗೆ ಬಿಟ್ಟಾಯಿತಲ್ಲ, ಇನ್ನು ಆ ತಲೆನೋವು ಯಾಕೆ? ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ." ಪಕ್ಕದ ಮನೆಯ ಖಾಲಾ ಇನ್ನೊಂದು ಮಾತು ಸೇರಿಸಿದರು: "ಗಂಡ ಕಟ್ಟುತ್ತಾರಲ್ಲಮ್ಮಾ, ನಿನ್ನದು ಬೇರೆ ಯಾಕೆ?"

ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದರು. ಆದರೆ ಪ್ರೀತಿಯ ಮಾತೆಲ್ಲ ಲೆಕ್ಕಕ್ಕೆ ಸರಿ ಹೋಗುವುದಿಲ್ಲ.

ಮೊದಲು ಖಾಲಾರ ಮಾತನ್ನೇ ನೋಡೋಣ. ನಮ್ಮ ದೇಶದ ಆದಾಯ ತೆರಿಗೆ ಕಾನೂನಿನಲ್ಲಿ ಗಂಡ-ಹೆಂಡತಿಯರ ಲೆಕ್ಕ ಬೇರೆ ಬೇರೆ. ಹೆಂಡತಿ ತನ್ನ ಕೈಯಿಂದ ದುಡಿದದ್ದು ಅವಳ ಆದಾಯ. ಶರೀಅತ್ ಕೂಡ ಹೆಣ್ಣಿನ ಗಳಿಕೆಯನ್ನು ಅವಳದೇ ಸ್ವತ್ತೆಂದು ಒಪ್ಪಿದೆ ಎಂಬುದು ನಿಮಗೆ ಗೊತ್ತೇ ಇದೆ. ಗಂಡ ಮನೆಖರ್ಚಿಗೆ ಕೊಡುವ ಹಣ ಮಾತ್ರ ಹೆಂಡತಿಯ ಆದಾಯವಲ್ಲ. ಅವರು ಕೊಟ್ಟ ಹಣವನ್ನು ಅವಳ ಹೆಸರಿನಲ್ಲಿ ಠೇವಣಿ ಇಟ್ಟರೆ ಅದರ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಆದ್ದರಿಂದ ಯಾವುದು ಯಾರ ದುಡಿಮೆ ಎಂದು ಮೊದಲು ಬೇರ್ಪಡಿಸಿಕೊಳ್ಳಬೇಕು.

ಇನ್ನು ತಮ್ಮನ ಮಾತು. ತೆರಿಗೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ನಡುವೆ ಯಾವ ತಿಂಗಳಲ್ಲಿ ಕೆಲಸ ಬಿಟ್ಟರೂ ಆ ವರ್ಷದ ಪೂರ್ತಿ ಆದಾಯವನ್ನು ಕೂಡಿಸಿಯೇ ನೋಡಬೇಕು. ಹೊಲಿಗೆಯ ಆರು ತಿಂಗಳ ಲಾಭ, ಸಂಬಳದ ಆರು ತಿಂಗಳು, ಬ್ಯಾಂಕಿನ ಬಡ್ಡಿ, ಮೂರೂ ಸೇರಿ ಎಷ್ಟು? ಆ ಮೊತ್ತ ತೆರಿಗೆಯಿಲ್ಲದ ಮೂಲ ಮಿತಿಯನ್ನು ದಾಟಿದರೆ ರಿಟರ್ನ್ ಕಡ್ಡಾಯ. 2024-25ನೇ ಸಾಲಿಗೆ ಹೊಸ ಪದ್ಧತಿಯಲ್ಲಿ ಈ ಮಿತಿ 3 ಲಕ್ಷ ರೂಪಾಯಿ, 2025-26ಕ್ಕೆ 4 ಲಕ್ಷ. ಹಳೆಯ ಪದ್ಧತಿಯಲ್ಲಿ 60 ವರ್ಷದೊಳಗಿನವರಿಗೆ 2.5 ಲಕ್ಷ.

ಇಲ್ಲಿ ಅನೇಕರು ಗೊಂದಲಕ್ಕೆ ಬೀಳುತ್ತಾರೆ. 2025-26ಕ್ಕೆ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಪತ್ರಿಕೆಗಳಲ್ಲಿ ಓದಿ, ಹಾಗಾದರೆ ರಿಟರ್ನೂ ಬೇಡ ಎಂದುಕೊಳ್ಳುತ್ತಾರೆ. ಆ 12 ಲಕ್ಷ ಎಂಬುದು ರಿಯಾಯಿತಿಯ ಲೆಕ್ಕ. ಆದಾಯ 4 ಲಕ್ಷ ದಾಟಿದರೆ, ಕಟ್ಟುವ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು.

ಆದಾಯ ಕಡಿಮೆಯಿದ್ದರೂ ರಿಟರ್ನ್ ಕಡ್ಡಾಯವಾಗುವ ಸಂದರ್ಭಗಳಿವೆ. ವರ್ಷದಲ್ಲಿ 25,000 ರೂಪಾಯಿ ಅಥವಾ ಹೆಚ್ಚು ಟಿಡಿಎಸ್ ಕಡಿತವಾಗಿದ್ದರೆ (ಹಿರಿಯ ನಾಗರಿಕರಿಗೆ 50,000), ವಿದ್ಯುತ್ ಬಿಲ್ 1 ಲಕ್ಷ ದಾಟಿದ್ದರೆ, ಉಳಿತಾಯ ಖಾತೆಗಳಿಗೆ 50 ಲಕ್ಷ ಅಥವಾ ಹೆಚ್ಚು ಜಮೆಯಾಗಿದ್ದರೆ, ವ್ಯಾಪಾರದ ವಹಿವಾಟು 60 ಲಕ್ಷ ಮೀರಿದ್ದರೆ ಸಲ್ಲಿಸಬೇಕು. ವಿದೇಶ ಪ್ರಯಾಣಕ್ಕೆ 2 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದವರಿಗೂ ಇದು ಅನ್ವಯ. ಮಗಳ ಬಾಣಂತನಕ್ಕೆಂದು ದುಬೈಗೆ ಹೋಗಿ ಬರುವ ತಾಯಂದಿರು, ಟಿಕೆಟ್ಟಿನ ಹಣ ತಾವೇ ಕೊಟ್ಟಿದ್ದರೆ, ಇದನ್ನು ಗಮನದಲ್ಲಿಡಬೇಕು.

ನನ್ನ ಲೆಕ್ಕ ಹೀಗಿತ್ತು. ಹೊಲಿಗೆಯ ಆರು ತಿಂಗಳಲ್ಲಿ ಖರ್ಚು ಕಳೆದು ಉಳಿದದ್ದು 1,10,000. ಸಂಬಳ ತಿಂಗಳಿಗೆ 18,000ದಂತೆ 1,08,000. ಠೇವಣಿಯ ಬಡ್ಡಿ 14,000. ಒಟ್ಟು 2,32,000 ರೂಪಾಯಿ. ಮಿತಿಯೊಳಗೇ ಇದೆ. ಬೇರೆ ಯಾವ ಷರತ್ತೂ ನನಗೆ ತಾಗುತ್ತಿರಲಿಲ್ಲ. ಅಂದರೆ ಕಾನೂನಿನ ಪ್ರಕಾರ ನಾನು ಸಲ್ಲಿಸಲೇಬೇಕೆಂದಿರಲಿಲ್ಲ. ತಮ್ಮನ ಮಾತು ಅಷ್ಟರ ಮಟ್ಟಿಗೆ ಸರಿ.

ಆದರೂ ನಾನು ಸಲ್ಲಿಸಿದೆ. ಯಾಕೆ ಗೊತ್ತೇ?

ಆ ವರ್ಷ ಒಂದು ಶಾಲೆಯ ಸಮವಸ್ತ್ರ ಹೊಲಿದು ಕೊಟ್ಟಿದ್ದೆ. ಬಟ್ಟೆ ಅವರದು, ಹೊಲಿಗೆ ನನ್ನದು. ಕೂಲಿ 1,80,000 ರೂಪಾಯಿ. ಅದರಲ್ಲಿ ಶೇ. 1ರಂತೆ 1,800 ರೂಪಾಯಿ ಟಿಡಿಎಸ್ ಹಿಡಿದು ನನ್ನ ಪ್ಯಾನ್ ನಂಬರಿಗೆ ಜಮೆ ಮಾಡಿದ್ದರು. ನಾನು ತೆರಿಗೆ ಕಟ್ಟಬೇಕಾದವಳಲ್ಲ, ಆದರೂ ನನ್ನ ಹಣ ಸರಕಾರದ ಬಳಿ ಹೋಗಿ ಕುಳಿತಿದೆ. ಅದನ್ನು ಮರಳಿ ಪಡೆಯಲು ಇರುವ ದಾರಿ ರಿಟರ್ನ್ ಒಂದೇ. 1,800 ರೂಪಾಯಿ ದೊಡ್ಡ ಮೊತ್ತವಲ್ಲ ಎನ್ನಬಹುದು. ಅಷ್ಟು ಕೂಲಿಗೆ ಎಷ್ಟು ಅಂಗಿಗಳಿಗೆ ಗುಂಡಿ ಹಾಕಿದ್ದೇನೆ ಎಂಬುದು ನನ್ನ ಬೆರಳುಗಳಿಗೆ ಗೊತ್ತು.

ಇನ್ನೊಂದು ಕಾರಣ ಮಗಳು. ಅವಳಿಗೆ ನರ್ಸಿಂಗ್ ಓದುವ ಆಸೆ. ಶಿಕ್ಷಣ ಸಾಲಕ್ಕೆ ಹೋದರೆ ಜೊತೆಗೆ ಸಹಿ ಹಾಕುವ ತಾಯಿ ಅಥವಾ ತಂದೆಯ ಆದಾಯದ ದಾಖಲೆಯನ್ನು ಬ್ಯಾಂಕಿನವರು ಕೇಳುತ್ತಾರೆ. ಸ್ವಂತ ದುಡಿಮೆಯವರಿಗೆ ಸಂಬಳದ ಚೀಟಿ ಇರುವುದಿಲ್ಲ, ರಿಟರ್ನೇ ಅವರ ಚೀಟಿ. ನಡುವೆ ಒಂದು ವರ್ಷ ಖಾಲಿ ಬಿಟ್ಟರೆ ಅಲ್ಲೇ ಪ್ರಶ್ನೆ ಏಳುತ್ತದೆ. ಸಹೋದರಿಯರೇ, ಮನೆಯೊಳಗಿನ ಹೆಣ್ಣಿನ ದುಡಿಮೆಗೆ ಸಾಕ್ಷಿಗಳು ಬಹಳ ಕಡಿಮೆ. ಊಟದಲ್ಲಿ, ಮಕ್ಕಳ ಫೀಸಿನಲ್ಲಿ, ಮನೆಯ ಬಾಡಿಗೆಯಲ್ಲಿ ಅದು ಕರಗಿ ಹೋಗುತ್ತದೆ. ವಿಧವೆಯಾದಾಗ, ತಲಾಕ್ ಆದಾಗ, ಗಂಡನಿಗೆ ಕಾಯಿಲೆ ಬಂದಾಗ "ನೀವೇನು ದುಡಿಯುತ್ತಿದ್ದಿರಿ?" ಎಂದು ಕೇಳಿದರೆ ತೋರಿಸಲು ಒಂದು ಕಾಗದ ಬೇಡವೇ?

ನಷ್ಟದಲ್ಲಿ ಮುಚ್ಚಿದವರು ಇನ್ನೂ ಎಚ್ಚರದಿಂದಿರಬೇಕು. ವ್ಯಾಪಾರದ ನಷ್ಟವನ್ನು ಮುಂದಿನ 8 ವರ್ಷಗಳವರೆಗೆ ಕೊಂಡೊಯ್ದು, ಮುಂದೆ ಬೇರೆ ವ್ಯಾಪಾರ ಮಾಡಿದಾಗ ಅದರ ಲಾಭದಲ್ಲಿ ಕಳೆಯಬಹುದು. ಆದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ಈ ಸೌಲಭ್ಯ. ಹಾಗೆಯೇ, ಹಿಂದೆ ಲೆಕ್ಕಕ್ಕೆ ಸೇರಿಸದ ಹಳೆಯ ಬಾಕಿ ಅಂಗಡಿ ಮುಚ್ಚಿದ ಮೇಲೆ ಕೈಗೆ ಬಂದರೆ, ಅದು ಬಂದ ವರ್ಷದ ಆದಾಯಕ್ಕೆ ಸೇರುತ್ತದೆ.

ಜಿಎಸ್‌ಟಿ ನಂಬರ್ ಪಡೆದಿದ್ದವರ ವಿಷಯ ಬೇರೆ. ಅಲ್ಲಿ ಸುಮ್ಮನಿರುವಂತಿಲ್ಲ. ಬಟ್ಟೆಯ ವ್ಯಾಪಾರ ನಿಂತರೂ ನಂಬರ್ ಜೀವಂತವಿರುವವರೆಗೆ ಸೊನ್ನೆ ವಹಿವಾಟಿನ ರಿಟರ್ನ್ ಕೊಡುತ್ತಲೇ ಇರಬೇಕು, ತಪ್ಪಿದರೆ ವಿಳಂಬ ಶುಲ್ಕ ಬೀಳುತ್ತದೆ. ಆದ್ದರಿಂದ ನೋಂದಣಿ ರದ್ದತಿಗೆ ಅರ್ಜಿ ಹಾಕಬೇಕು. ರದ್ದಾದ ದಿನ ಅಥವಾ ಆದೇಶದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ರಿಟರ್ನ್ ಸಲ್ಲಿಸಬೇಕು. ಪ್ಯಾನ್ ಕಾರ್ಡನ್ನು ಮಾತ್ರ ಮರಳಿಸಲು ಹೋಗಬೇಡಿ. ಅದು ವ್ಯಾಪಾರದ್ದಲ್ಲ, ನಿಮ್ಮದು.

"ಝಕಾತ್ ಕೊಟ್ಟಿದ್ದೇವಲ್ಲ" ಎನ್ನುವವರೂ ಇದ್ದಾರೆ. ಝಕಾತ್ ಉಳಿದ ಸಂಪತ್ತಿನ ಮೇಲೆ, ಚಾಂದ್ರಮಾನ ವರ್ಷದ ಲೆಕ್ಕದಲ್ಲಿ, ಶೇ. 2.5ರಂತೆ ಕೊಡುವ ಇಬಾದತ್. ರಿಟರ್ನ್ ಒಂದು ವರ್ಷದ ಆದಾಯದ ವರದಿ. ಒಂದು ಕೊಟ್ಟರೆ ಇನ್ನೊಂದು ತೀರುವುದಿಲ್ಲ. ಆದರೆ ಅನುಕೂಲವೊಂದಿದೆ. ಝಕಾತ್‌ಗಾಗಿ ಬರೆದಿಟ್ಟ ಪುಸ್ತಕ ಇದ್ದವಳಿಗೆ ರಿಟರ್ನ್‌ನ ಅರ್ಧ ಕೆಲಸ ಮುಗಿದಂತೆಯೇ.

"ಒಮ್ಮೆ ಕೊಟ್ಟರೆ ಜೀವನಪೂರ್ತಿ ಕೊಡಬೇಕಾಗುತ್ತದೆ" ಎಂಬ ಹೆದರಿಕೆಯೂ ನಮ್ಮಲ್ಲಿದೆ. ಹಾಗೇನಿಲ್ಲ. ಪ್ರತಿವರ್ಷದ ಪ್ರಶ್ನೆಗೆ ಆ ವರ್ಷದ ಆದಾಯವೇ ಉತ್ತರ. ಆದಾಯ ಮಿತಿಯೊಳಗಿದ್ದು, ಬೇರೆ ಷರತ್ತು ಯಾವುದೂ ತಾಗದಿದ್ದು, ಮರಳಿ ಬರಬೇಕಾದ ಟಿಡಿಎಸ್ಸೂ ಇಲ್ಲದಿದ್ದು, ಸಾಲದ ಅಗತ್ಯವೂ ಇಲ್ಲದಿದ್ದರೆ ಬಿಟ್ಟುಬಿಡಿ. ಸುಮ್ಮನೆ ಭಯಪಟ್ಟು ಏಜೆಂಟರಿಗೆ ಹಣ ಕೊಡಬೇಕಾಗಿಲ್ಲ.

ನಿರ್ಧರಿಸುವ ಮುನ್ನ ಒಂದು ಕೆಲಸ ಮಾಡಿ. ಆದಾಯ ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ನಿಮ್ಮ ಪ್ಯಾನ್ ಹಾಕಿ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯನ್ನು ತೆಗೆದು ನೋಡಿ. ನಿಮ್ಮ ಬಡ್ಡಿ, ಟಿಡಿಎಸ್, ದೊಡ್ಡ ವಹಿವಾಟುಗಳು ಅಲ್ಲಿ ಕಾಣುತ್ತವೆ. ನಾವು ಸುಮ್ಮನಿದ್ದರೂ ಬ್ಯಾಂಕು ಸುಮ್ಮನಿರುವುದಿಲ್ಲ ಎಂಬುದು ಅದನ್ನು ನೋಡಿದರೆ ಅರ್ಥವಾಗುತ್ತದೆ. ಗಡುವು ಬದಲಾಗುತ್ತಿರುತ್ತದೆ, ಪ್ರತಿವರ್ಷ ವಿಚಾರಿಸಿಕೊಳ್ಳಿ. ಸಲ್ಲಿಸಿದ ಮೇಲೆ 30 ದಿನಗಳೊಳಗೆ ಆಧಾರ್ ಒಟಿಪಿ ಮುಂತಾದ ವಿಧಾನದಿಂದ ದೃಢೀಕರಿಸುವುದನ್ನು ಮರೆಯಬೇಡಿ. ದೃಢೀಕರಿಸದ ರಿಟರ್ನ್ ಸಲ್ಲಿಸದಂತೆಯೇ ಆಗುತ್ತದೆ.

ಹೊಲಿಗೆ ಮತ್ತು ಸಂಬಳ ಎರಡೂ ಇದ್ದ ಆ ವರ್ಷಕ್ಕೆ ನಾನು ಐಟಿಆರ್-4 ತುಂಬಿಸಿದೆ. ಸಂಬಳ, ಬಡ್ಡಿ ಮಾತ್ರ ಇರುವ ವರ್ಷಕ್ಕೆ ಸರಳವಾದ ಐಟಿಆರ್-1 ಸಾಕು. ಸ್ವೀಕೃತಿ ಪತ್ರವನ್ನು ಮುದ್ರಿಸಿ, ರೇಷನ್ ಕಾರ್ಡ್, ನಿಕಾಹ್‌ನಾಮಾ ಇಟ್ಟಿರುವ ಫೈಲಿನಲ್ಲೇ ಸೇರಿಸಿದ್ದೇನೆ. ಫೈಲ್ ಎಲ್ಲಿದೆ ಎಂದು ಮಗಳಿಗೂ ಹೇಳಿದ್ದೇನೆ. ನೀವೂ ನಿಮ್ಮ ಹೆಣ್ಣುಮಕ್ಕಳಿಗೆ ಹೇಳಿಡಿ.