ಸಂಕವ್ವನ ಪೂರ್ತಿ ಹೆಸರು

ಇದೆಲ್ಲ ಶುರುವಾಗಿದ್ದು ಒಂದು ಕೊರಿಯನ್ ಸೀರಿಯಲ್‌ನಿಂದ. ಆಫೀಸಿನ ಗೆಳತಿ ಹೇಳಿದಳು ಅಂತ ‘ಹ್ವಾಂಗ್ ಜಿನಿ’ ನೋಡಲು ಕೂತೆ. ಹ್ವಾಂಗ್ ಜಿನಿ 16ನೇ ಶತಮಾನದ ಒಬ್ಬ ಗಿಸೆಂಗ್. ಗಿಸೆಂಗ್ ಅಂದರೆ ಅರಮನೆಯವರ, ಅಧಿಕಾರಿಗಳ ಕೂಟಗಳಲ್ಲಿ ಹಾಡಿ, ಕುಣಿದು ರಂಜಿಸುತ್ತಿದ್ದ ಹೆಣ್ಣುಮಕ್ಕಳು. ಸಮಾಜದಲ್ಲಿ ತೀರಾ ಕೆಳಗಿನ ಸ್ಥಾನ, ಆದರೆ ಓದು-ಬರಹ, ಸಂಗೀತ ಎಲ್ಲ ಕಲಿತವರು. ಜಿನಿ ಬರೆದ ‘ಸಿಜೋ’ ಎಂಬ ಪುಟ್ಟ ಪದ್ಯಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಅಷ್ಟಕ್ಕೇ ಅವಳ ಹೆಸರು ಅಲ್ಲಿ ಇವತ್ತಿಗೂ ಮನೆಮಾತು.

“ನಮ್ಮಲ್ಲಿ ಇಂಥವರು ಯಾರೂ ಇರ್ಲಿಲ್ವೇನೇ?” ಅಂತ ಗೆಳತಿ ಕೇಳಿದಳು.

ಇದ್ದಳು ಅಂತ ನನಗೆ ಗೊತ್ತಿತ್ತು. 12ನೇ ಶತಮಾನದ ವಚನಕಾರ್ತಿ ಸೂಳೆ ಸಂಕವ್ವ. ಆದರೆ ನನ್ನ ಬಾಯಿಂದ ಬಂದದ್ದು “ಸಂಕವ್ವ ಅಂತ ಒಬ್ಬಳು” ಅಂತ ಅಷ್ಟೇ. ಕ್ಯಾಂಟೀನಿನಲ್ಲಿ ಹತ್ತು ಜನರ ಮಧ್ಯೆ ಆ ಹೆಸರಿನ ಮೊದಲರ್ಧ ಹೇಳಲು ನಾಲಿಗೆ ಏಳಲಿಲ್ಲ. ಆಮೇಲೆ ಅದೇ ಮನಸ್ಸನ್ನು ಕೊರೆಯಿತು. ಮೂರು ದಿನ ರಜೆ ಸಿಕ್ಕಿತ್ತು, ಭಾಲ್ಕಿಯಲ್ಲಿ ಸೋದರತ್ತೆ ಇದ್ದಾರೆ. ಶುಕ್ರವಾರ ಬೀದರ್ ರೈಲು ಹತ್ತಿಬಿಟ್ಟೆ.

ಬೀದರ್ ಕೋಟೆಯೊಳಗೆ ಮೊದಲು ನೋಡಿದ್ದು ರಂಗೀನ್ ಮಹಲ್. ಬೀಗ ಹಾಕಿತ್ತು, ಕೇಳಿಕೊಂಡ ಮೇಲೆ ಸಿಬ್ಬಂದಿ ತೆಗೆದು ತೋರಿಸಿದರು. ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚು, ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು. ಮೊಬೈಲ್ ಟಾರ್ಚ್ ಹಿಡಿದರೆ ಗೋಡೆಯೇ ಮಿನುಗುತ್ತದೆ. ಇಂಥ ಕೋಣೆಗಳಲ್ಲಿ ಹಾಡಿದವರು ಯಾರು ಅಂತ ಯಾವ ಗೋಡೆಯೂ ಹೇಳುವುದಿಲ್ಲ.

ಉತ್ತರ ಒಂಥರಾ ಊರಿನ ಪಶ್ಚಿಮಕ್ಕೆ, ಬರೀದ್ ಶಾಹಿ ಸಮಾಧಿಗಳ ಹತ್ತಿರ ಸಿಕ್ಕಿತು. 1542ರಿಂದ 1580ರವರೆಗೆ ಆಳಿದ ಅಲಿ ಬರೀದನ ಗೋರಿ ನಾಲ್ಕೂ ಕಡೆ ತೆರೆದ ಕಮಾನುಗಳ ಕಟ್ಟಡ. ಒಳಗೆ ನೀಲಿ ಹೆಂಚಿನ ಮೇಲೆ ಪಾರ್ಸಿ ಕವಿ ಅತ್ತಾರನ ಪದ್ಯಗಳಿವೆ. ಅದೇ ಆವರಣದ ಕಟ್ಟೆಯೊಂದರ ಮೇಲೆ ಸಾಲು ಸಾಲು ಸಣ್ಣ ಗೋರಿಗಳು. ರಾಜನ ಅಂತಃಪುರದಲ್ಲಿದ್ದ ಹೆಂಗಸರದ್ದು ಅಂತ ಹೇಳುತ್ತಾರೆ. ರಾಜನ ಗೋರಿಗೆ ಕವಿತೆ ಸಿಕ್ಕಿದೆ, ಇವರಿಗೆ ಹೆಸರೂ ಸಿಕ್ಕಿಲ್ಲ. ಸಂಜೆ ಹೊತ್ತು ವಾಕಿಂಗ್ ಬಂದವರು, ಸೆಲ್ಫಿ ತೆಗೆಯುವವರು ಎಲ್ಲ ಇದ್ದರು. ನಾನು ಆ ಕಟ್ಟೆಯ ಬಳಿ ತುಂಬಾ ಹೊತ್ತು ನಿಂತೆ.

ಹೆಸರು ಉಳಿಸಿಕೊಂಡವರೂ ಇದ್ದಾರೆ, ನಿಜ. 1948ರವರೆಗೆ ಬೀದರ್ ಯಾವ ನಿಜಾಮರ ಆಳ್ವಿಕೆಯಲ್ಲಿತ್ತೋ ಅದೇ ನಿಜಾಮರ ಹೈದರಾಬಾದಿನಲ್ಲಿ ಮಹ್‌ಲಕಾ ಬಾಯಿ ಚಂದಾ ಇದ್ದಳು. ದರ್ಬಾರಿನ ತವಾಯಿಫ್, ಉರ್ದು ಗಜಲ್ ಕವಯಿತ್ರಿ. 1824ರಲ್ಲಿ ತೀರಿಕೊಂಡಳು. ಮೌಲಾಲಿಯಲ್ಲಿ ತಾಯಿಗಾಗಿ ಕಟ್ಟಿಸಿದ ಸಮಾಧಿಯ ಪಕ್ಕದಲ್ಲೇ ಅವಳ ಗೋರಿಯೂ ಇದೆ. ಆದರೆ ಅವಳ ಹತ್ತಿರ ದುಡ್ಡಿತ್ತು, ದರ್ಬಾರಿತ್ತು. ಸಂಕವ್ವನಿಗೆ ಏನಿತ್ತು?

ಮರುದಿನ ರೈಲಿನಲ್ಲಿ ಭಾಲ್ಕಿಗೆ ಹೋದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿನ್ನಿಸಿದ ಮೇಲೆ ಅತ್ತೆ ನನ್ನನ್ನು ಹಿರೇಮಠಕ್ಕೆ ಕರೆದುಕೊಂಡು ಹೋದರು. ನಿಜಾಮರ ಕಾಲದಲ್ಲಿ ಇಲ್ಲಿ ಕನ್ನಡ ಕಲಿಸುವುದು ಸುಲಭವಿರಲಿಲ್ಲ. ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರು ಅನ್ನುವುದು ಈ ಭಾಗದ ಎಲ್ಲರ ಬಾಯಲ್ಲೂ ಇರುವ ಮಾತು. ಅತ್ತೆಯ ಅಪ್ಪ, ಅಂದರೆ ನನ್ನ ಅಜ್ಜ, ಹಾಗೆ ಅಕ್ಷರ ಕಲಿತವರು.

ಮಠದ ಕಟ್ಟೆಯ ಮೇಲೆ ಕೂತಾಗ ಅತ್ತೆ ಕೇಳಿದರು, “ಅಷ್ಟು ದೂರದಿಂದ ಏನು ಹುಡುಕ್ಕೋತ ಬಂದಿ?”

“ಸಂಕವ್ವನ್ನ, ಅತ್ತಿ.”

“ಯಾವ ಸಂಕವ್ವ?”

ನಾನು ಸುಮ್ಮನಾದೆ. ಅತ್ತೆ ನಕ್ಕರು. “ಸೂಳಿ ಸಂಕವ್ವ ಅನ್ನು. ಆಕಿ ತನ್ನ ದೇವರಿಗೇ ನಿರ್ಲಜ್ಜೇಶ್ವರ ಅಂತ ಹೆಸರಿಟ್ಟಾಳ. ಆಕಿಗಿಲ್ಲದ ನಾಚ್ಕಿ ನಿನಗ್ಯಾಕ?”

ಹೌದು, ಅವಳ ಅಂಕಿತ ‘ನಿರ್ಲಜ್ಜೇಶ್ವರ’. ನಾಚಿಕೆಯನ್ನು ದಾಟಿದ ಈಶ್ವರ. ಅವಳದೆಂದು ಉಳಿದಿರುವುದು ಒಂದೇ ಒಂದು ವಚನ. ಅದರಲ್ಲಿ ಪ್ರೇಮವಿಲ್ಲ, ವಿರಹವಿಲ್ಲ, ವೃತ್ತಿಯ ವ್ಯವಹಾರವೇ ಇದೆ. ಒತ್ತೆ ಅಂದರೆ ಗಿರಾಕಿ ಮುಂಗಡ ಕೊಡುವ ಹಣ. ಒಬ್ಬರಿಂದ ಒತ್ತೆ ಹಿಡಿದ ಮೇಲೆ ಇನ್ನೊಬ್ಬರಿಂದ ಹಿಡಿಯಲಾರೆ, ಹಿಡಿದರೆ ನನಗೆ ಘೋರ ಶಿಕ್ಷೆ ಕಾದಿದೆ ಅನ್ನುತ್ತಾಳೆ. ಆ ಶಿಕ್ಷೆಗಳನ್ನು ಓದಿದರೆ ಮೈ ಜುಂ ಅನ್ನುತ್ತದೆ. ತನ್ನ ಕಸುಬಿನ ಮಾತನ್ನೇ ಹಿಡಿದು, ಒಬ್ಬನೇ ದೇವರಿಗೆ ಕೊಟ್ಟ ಮಾತು ತಪ್ಪಲಾರೆ ಅನ್ನುವುದನ್ನೂ ಹೇಳಿಬಿಡುತ್ತಾಳೆ. ಕದಿರ ರೆಮ್ಮವ್ವೆ ನೂಲುವ ರಾಟೆಯಿಂದ ಮಾತು ತೆಗೆದ ಹಾಗೆ, ಸಂಕವ್ವ ಒತ್ತೆಯಿಂದ ತೆಗೆದಳು.

ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಆಫರ್ ಒಪ್ಪಿಕೊಂಡು ಕದ್ದುಮುಚ್ಚಿ ಇನ್ನೊಂದು ನೋಡುವ ನಮ್ಮಂಥವರಿಗೂ ಆ ವಚನ ನಾಟುತ್ತದೆ.

“ಆದ್ರ ಆಕಿ ಬಾಳೇವು ಚಂದಿತ್ತು ಅಂತ ತಿಳ್ಕೋಬ್ಯಾಡ,” ಅಂದರು ಅತ್ತೆ. “ಜನ ಕೆಂಗಣ್ಣಿಂದ ನೋಡಿದ್ರೇ ಅಂಥ ಶಿಕ್ಷಿ ನೆನಪಾಗ್ತಾವ.” ಈ ಮಾತು ನನ್ನನ್ನು ತಡೆದು ನಿಲ್ಲಿಸಿತು. ಸೀರಿಯಲ್‌ನಲ್ಲಿ ಗಿಸೆಂಗ್‌ಗಳ ರೇಷ್ಮೆ ಬಟ್ಟೆ ನೋಡಿ ನಾನು ಮರುಳಾಗಿದ್ದೆ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದನ್ನು ನಿಷೇಧಿಸಲು 1982ರಲ್ಲಿ ಕಾನೂನು ಮಾಡಬೇಕಾಯಿತು. ಹಾಡು-ಕವಿತೆ ಚಂದ ಅಂತ ಆ ಬದುಕೂ ಚಂದವಾಗಿರಲಿಲ್ಲ. ಆ ಬದುಕಿನಲ್ಲಿದ್ದೂ ಒಬ್ಬಳು ತನ್ನ ಮಾತಿಗೆ ತಾನೇ ಒಡತಿಯಾಗಿದ್ದಳು, ಅದು ದೊಡ್ಡದು.

ಮೂರನೇ ದಿನ ಔರಾದಿಗೆ ಹೊರಟೆವು. ಅತ್ತೆಯ ಮಗಳ ಮನೆ ಅಲ್ಲಿದೆ. ಕಮಲನಗರದವರೆಗೆ ರೈಲು, ಆಮೇಲೆ ಬಸ್. ಪಟ್ಟದ್ದೇವರು ಹುಟ್ಟಿದ್ದು ಇದೇ ಕಮಲನಗರದಲ್ಲಿ, 1889ರಲ್ಲಿ. ಕಿಟಕಿಯಾಚೆ ಕಪ್ಪು ಮಣ್ಣು, ತೊಗರಿ ಹೊಲ. ಔರಾದ್ ಕರ್ನಾಟಕದ ಉತ್ತರದ ತುದಿ. ಬಸ್ಸಿನಲ್ಲಿ ಒಬ್ಬರು ಮರಾಠಿಯಲ್ಲಿ ಕೇಳಿದರೆ ಇನ್ನೊಬ್ಬರು ಕನ್ನಡದಲ್ಲಿ ಉತ್ತರ ಕೊಡುತ್ತಾರೆ, ಕಂಡಕ್ಟರ್ ಉರ್ದುವಿನಲ್ಲಿ ಚಿಲ್ಲರೆ ಕೇಳುತ್ತಾನೆ. ಅಮರೇಶ್ವರ ಗುಡಿಗೆ ಹೋಗಿ ಕೈಮುಗಿದು ಬಂದೆವು.

ರಾತ್ರಿ ಅತ್ತೆಯ ಮೊಮ್ಮಗಳು, ಡಿಗ್ರಿ ಓದುವವಳು, ಪಕ್ಕದಲ್ಲಿ ಬಂದು ಕೂತಳು. “ಚಿಕ್ಕಿ, ಅಜ್ಜಿ ಹೇಳಿದ್ ಆ ವಚನ ಕಳಸು” ಅಂದಳು. ಮೊಬೈಲ್‌ನಲ್ಲಿ ಹೆಸರು ಟೈಪ್ ಮಾಡಲು ಹೋದರೆ ಕೀಬೋರ್ಡ್ ಆ ಪದವನ್ನು ತೋರಿಸಲೇ ಇಲ್ಲ. ಬೇರೆ ಏನೇನೋ ಸೂಚಿಸಿತು. ನನ್ನ ಹಾಗೇ ಅದಕ್ಕೂ ಸಂಕೋಚ!

ಬರೀದ್ ಶಾಹಿ ಕಟ್ಟೆಯ ಮೇಲಿನ ಹೆಸರಿಲ್ಲದ ಸಾಲು ಗೋರಿಗಳು ನೆನಪಾದವು. ಬಸವಣ್ಣನ ಕಲ್ಯಾಣದ ಕಾಲದಿಂದ ತಾಳೆಗರಿ ದಾಟಿ, ಅಚ್ಚಿನ ಪುಸ್ತಕ ದಾಟಿ, ಎಂಟುನೂರು ವರ್ಷಗಳ ಮೇಲೆ ಇಲ್ಲಿಯವರೆಗೆ ಬಂದ ಹೆಸರನ್ನು ನಾನು ಅರ್ಧ ಮಾಡಬಾರದು ಅನ್ನಿಸಿತು.

ಒಂದೊಂದೇ ಅಕ್ಷರ ಒತ್ತಿ, ಪೂರ್ತಿ ಹೆಸರು ಬರೆದು ಕಳಿಸಿದೆ. ಸೋಮವಾರ ಆಫೀಸಿಗೆ ಹೋಗಿ ಕ್ಯಾಂಟೀನಿನಲ್ಲಿ ಗೆಳತಿಗೂ ಹೇಳಿದೆ. ಪಕ್ಕದ ಟೇಬಲ್‌ನವರು ತಿರುಗಿ ನೋಡಿದರು. ನೋಡಲಿ ಬಿಡಿ.