ಅಡಿಕೆ ಅಂಗಳಕ್ಕೆ ಕ್ಯಾಮೆರಾ ಕಾವಲು

ಶೃಂಗೇರಿಯ ವಿದ್ಯಾಶಂಕರ ದೇಗುಲದ ಹನ್ನೆರಡು ರಾಶಿಕಂಬಗಳನ್ನು ನೋಡಿಕೊಂಡು, ಕೊಪ್ಪದ ಹಾದಿಯಾಗಿ ನರಸಿಂಹರಾಜಪುರಕ್ಕೆ ಹೊರಟರೆ ಎಲ್ಲೆಲ್ಲೂ ಅಡಿಕೆ ತೋಟ. ಸುಗ್ಗಿಯಲ್ಲಿ ಅಂಗಳದ ತುಂಬ ಬೇಯಿಸಿ ಹರವಿದ ಅಡಿಕೆ. ಕಾಯಲು ನಾಯಿಯ ಜೊತೆಗೀಗ ಕ್ಯಾಮೆರಾ.

ಅದನ್ನು ಕೂರಿಸುವುದೂ ಒಂದು ವಿದ್ಯೆಯೇ. ತಾಮ್ರದ ನೆಟ್‌ವರ್ಕ್ ತಂತಿಯ ಮಿತಿ 100 ಮೀಟರ್. ಮನೆಯಿಂದ ತೋಟದ ಗೇಟಿಗೆ ಅದೆಲ್ಲಿ ಸಾಕು? ಗಾಜಿನ ಎಳೆ ದೂರ ಹೋಗುತ್ತದೆ, ಸಿಡಿಲಿನ ವಿದ್ಯುತ್ತನ್ನೂ ಒಯ್ಯದು. ಮಲೆನಾಡಿನ ಮಳೆಗಾಲ ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ಕ್ಯಾಮೆರಾಕ್ಕೆ ಬೇಕಾದ ಕರೆಂಟೂ ಅದರಲ್ಲಿ ಬಾರದು!

ಜನಸಂದಣಿಯ ಸ್ಥಳಗಳಲ್ಲಿ 30 ದಿನಗಳ ದೃಶ್ಯ ಕಾದಿಡಬೇಕೆನ್ನುತ್ತದೆ, ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಒಂದೇ ಕ್ಯಾಮೆರಾಕ್ಕೆ 648 ಗಿಗಾಬೈಟ್. ಮಕ್ಕಳೇ, ಗುಣಿಸಿ ನೋಡಿ. ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಬೆಂಗಳೂರಿನ ಬಸ್ಸು ಹತ್ತಿಸುವ ಮುನ್ನ ಪೋಷಕರು ವಿಚಾರಿಸಲಿ: ತರಬೇತಿಯಲ್ಲಿ ಏಣಿ ಹತ್ತಿಸಿ ತಂತಿ ಜೋಡಿಸಲು ಕಲಿಸುತ್ತಾರೋ, ಬರೀ ಪ್ರಮಾಣಪತ್ರ ಕೊಡುತ್ತಾರೋ?